ಮಾವನ ಮಾರು

ಬಾವಿಯ ಹಗ್ಗ ತುಂಡಾದದ್ದು ಗೌರಿ ಹಬ್ಬದ ಹಿಂದಿನ ದಿನ ಬೆಳಗ್ಗೆ. ಬಿಂದಿಗೆ ಅರ್ಧ ಮೇಲೆ ಬಂದಿತ್ತು. ಇದ್ದಕ್ಕಿದ್ದಂತೆ ಕೈ ಹಗುರವಾಯಿತು, ಕೆಳಗೆ ದಬಕ್ಕನೆ ಸದ್ದಾಯಿತು, ನಾನು ಹಿಂದಕ್ಕೆ ವಾಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಮನೆಯಲ್ಲಿ ಹನಿ ನೀರಿಲ್ಲ. ಹೊಸ ಹಗ್ಗ ಬೇಕೆಂದರೆ ಸಂತೆಯವರೆಗೆ ಕಾಯಬೇಕು, ಸಂತೆಗೆ ಇನ್ನೂ ನಾಲ್ಕು ದಿನ.

ತೂಬಗೆರೆಯ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಯಜಮಾನರಿಗೆ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಬೆಳಗ್ಗೆ ಸೈಕಲ್ ಹತ್ತಿದರೆ ಬರುವುದು ಸಂಜೆಗೆ. ಮಾವ ಕಣ್ಣಿನ ಆಪರೇಷನ್ನಿಗೆಂದು ಹೊಸಕೋಟೆಯ ಮಗಳ ಮನೆಗೆ ಹೋಗಿ ತಿಂಗಳಾಗಿತ್ತು. ಹಾಗಾಗಿ ಆ ದಿನ ಮನೆಗೆ ನಾನೇ ರಾಜ, ನಾನೇ ಮಂತ್ರಿ. ನನಗೆ ಮೊದಲಿನಿಂದಲೂ ಕೈ ಮುಂದು. ಯೋಚನೆ ಆಮೇಲೆ ಬರುತ್ತದೆ, ಅದೂ ಬಂದರೆ.

ಅಟ್ಟದ ಮೇಲೆ ಮಾವನ ತಗಡಿನ ಪೆಟ್ಟಿಗೆಯಲ್ಲಿ ಒಂದು ಹಗ್ಗವಿದ್ದದ್ದು ನೆನಪಾಯಿತು. ಹತ್ತಿ ತೆಗೆದೆ. ಸಣ್ಣಗೆ ಹೊಸೆದ, ಕಲ್ಲಿನಂತೆ ಗಟ್ಟಿಯಾದ ಹಗ್ಗ. ನಮ್ಮ ಬಾವಿಯ ಎರಡರಷ್ಟು ಉದ್ದ. ಒಂದು ತುದಿಗೆ ಒನಕೆಯ ತುಂಡಿನ ಆಕಾರದ ಸೀಸದ ಗುಂಡು. ಅದನ್ನು ಬಿಚ್ಚಿಟ್ಟೆ. ಆದರೆ ಹಗ್ಗದ ಉದ್ದಕ್ಕೂ ಅಲ್ಲಲ್ಲಿ ಏನೇನೋ ಸಿಕ್ಕಿಸಿದ್ದರು. ಒಂದು ಕಡೆ ಎರಡು ಸೀಳು ತೊಗಲು, ಇನ್ನೊಂದು ಕಡೆ ಮೂರು ಸೀಳು, ಆಮೇಲೆ ಬಿಳಿ ಬಟ್ಟೆಯ ಚೂರು, ಕೆಂಪು ಬಟ್ಟೆಯ ಚೂರು, ತೂತಿದ್ದ ತೊಗಲು, ನೀಲಿ ಉಣ್ಣೆ, ಹೀಗೆ ಕೊನೆಯಲ್ಲಿ ಎರಡು ಗಂಟು ಹಾಕಿದ ದಾರದವರೆಗೆ. ಎಲ್ಲವೂ ಎಣ್ಣೆಜಿಡ್ಡು, ಕಮಟು ವಾಸನೆ.

ನಮ್ಮ ಕಡೆ ತೋಟಕ್ಕೆ ನೀರೆತ್ತುವ ಕಪಿಲೆ ಬಾವಿಗೆ ಇಳಿಯುವುದೇ ತೊಗಲಿನ ಚೀಲ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಕುಡಿಯುವ ನೀರಿನ ಬಾವಿಗೆ ಮಾತ್ರ ತೊಗಲು ಸೋಕಕೂಡದು. ಅದರಲ್ಲೂ ನಾಳೆ ಗೌರಿ, ಇದೇ ನೀರಲ್ಲಿ ಗಂಗೆ ಪೂಜೆ ಆಗಬೇಕು. ಕುಡುಗೋಲಿನ ತುದಿಯಿಂದ ಒಂದೊಂದನ್ನೇ ಎಬ್ಬಿಸಿ ಕಿತ್ತೆ. ಕೈಯಲ್ಲಿ ಮುಟ್ಟದೆ ಮುತ್ತುಗದ ಎಲೆಯಲ್ಲಿ ಬಾಚಿ ತಿಪ್ಪೆಗೆ ಎಸೆದು ಬಂದೆ. ಹಗ್ಗವನ್ನು ಸೋಡಾಪುಡಿ ಹಾಕಿ ತಿಕ್ಕಿ ಬಿಸಿಲಿಗೆ ಹಾಕಿದೆ. ನಾಲ್ಕು ದಿನ ಅದರಲ್ಲೇ ನೀರು ಸೇದಿದೆ. ಸಂತೆಯಿಂದ ಹೊಸ ಹಗ್ಗ ಬಂದ ಮೇಲೆ ಹಳೆಯದನ್ನು ಒಣಗಿಸಿ, ಗುಂಡು ಕಟ್ಟಿ, ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಮೊದಲಿಗಿಂತ ಲಕ್ಷಣವಾಗಿ ಕಂಡಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಾವನ ಕಥೆ ಹೇಳದಿದ್ದರೆ ನನ್ನ ಪೆದ್ದುತನದ ಅಳತೆ ಸಿಗುವುದಿಲ್ಲ. ಸಣ್ಣ ವಯಸ್ಸಿನಲ್ಲಿ ಅಣ್ಣನ ಜೊತೆ ಜಗಳವಾಡಿ, ಉಟ್ಟ ಬಟ್ಟೆಯಲ್ಲಿ ಬೊಂಬಾಯಿಯ ರೈಲು ಹತ್ತಿದವರು ಅವರು. ಬಂದರಿನಲ್ಲಿ ಮೂಟೆ ಹೊತ್ತು, ಆಮೇಲೆ ಸರಕಿನ ಹಡಗು ಸೇರಿ, ಹದಿನೈದು ವರ್ಷ ನೀರಿನ ಮೇಲಿದ್ದರು. ಹಡಗು ದಡದ ಹತ್ತಿರ ಬರುವಾಗ ಅಂಚಿನಲ್ಲಿ ನಿಂತು ಸೀಸದ ಗುಂಡು ಎಸೆದು, ಎಷ್ಟು ಆಳ ನೀರಿದೆ ಎಂದು ಕೂಗುವುದು ಅವರ ಕೆಲಸ. ಅವರು ಕೂಗಿದ್ದು ತಪ್ಪಾದರೆ ಹಡಗು ಬಂಡೆಗೆ. ಊರಿಗೆ ಬಂದು ಮದುವೆಯಾಗಿ, ಕನಕಾಂಬರ ಸೇವಂತಿಗೆ ಬೆಳೆದುಕೊಂಡು ಮುದುಕರಾದರು. ಊರಲ್ಲಿ ಇನ್ನೊಬ್ಬ ಸಮುದ್ರ ನೋಡಿದವನಿರಲಿಲ್ಲ, ಅದಕ್ಕೇ ಯಾರೂ ನಂಬಲಿಲ್ಲ. ಪಕ್ಕದ ಮನೆಯ ಗೌಡರಂತೂ ಕೆರೆ ತುಂಬಿದಾಗಲೆಲ್ಲ ಜಗಲಿಗೆ ಬಂದು ಕೂರುತ್ತಿದ್ದರು.

"ಏನಪ್ಪಾ ಹಡಗಿನೋನೇ, ನಮ್ ಕೆರೇಲಿ ಎಷ್ಟು ಮಾರು ನೀರೈತೆ, ಒಸಿ ಕೂಗಿ ಹೇಳ್ಬಿಡಪ್ಪಾ."

ಬೊಂಬಾಯಿಯ ಯಾವುದೋ ಮಿಲ್ಲಿನಲ್ಲಿ ಕಸ ಗುಡಿಸಿಕೊಂಡಿದ್ದು ಬಂದಿದ್ದಾನೆ, ಹಡಗು ಗಿಡಗು ಎಲ್ಲ ಬುರುಡೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಕಣ್ಣು ಮಂಜಾಗುತ್ತಾ ಬಂದಂತೆ ಮಾವ ಜಗಲಿಯ ಮೇಲೆ ಕುಳಿತು ತಮ್ಮಷ್ಟಕ್ಕೆ ಏನೋ ಎಣಿಸುವುದು ಹೆಚ್ಚಾಯಿತು. "ಎರಡು, ಮೂರು, ಐದು, ಏಳು, ಹತ್ತು, ಹದಿಮೂರು, ಹದಿನೈದು, ಹದಿನೇಳು, ಇಪ್ಪತ್ತು." ಮುದುಕರಿಗೆ ಮಧ್ಯದ ಲೆಕ್ಕ ಮರೆತುಹೋಗಿದೆ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಯಜಮಾನರು ಕಚೇರಿಯಲ್ಲಿ ಒಂದು ಪತ್ರಿಕೆ ನೋಡಿದ್ದರು. ಪಶ್ಚಿಮ ಕರಾವಳಿಯ ಬಂದರಿನ ಊರೊಂದರಲ್ಲಿ ಹಡಗಿನ ಸಾಮಾನುಗಳಿಗೆಂದೇ ಒಂದು ಮ್ಯೂಸಿಯಂ ಮಾಡುತ್ತಿದ್ದಾರೆ, ಹಳೆಯ ನಾವಿಕರು ಏನಾದರೂ ಇಟ್ಟುಕೊಂಡಿದ್ದರೆ ತಿಳಿಸಿ ಎಂದಿತ್ತು. ಮಾವ ಅವತ್ತು ಊಟವನ್ನೂ ಮರೆತು ನನ್ನ ಕೈಯಲ್ಲಿ ಕಾಗದ ಬರೆಸಿದರು. ಏಳನೇ ಕ್ಲಾಸು ಓದಿದ ನಾನೇ ಮನೆಯ ಕಾಗದಪತ್ರದವಳು. "ಆಳ ನೋಡುವ ಹಗ್ಗ ಒಂದು, ಸೀಸದ ಗುಂಡು ಒಂದು" ಎಂದು ನನ್ನ ಕೈಯಾರೆ ಬರೆದಿದ್ದೆ. ತಿಂಗಳುಗಳಾದರೂ ಉತ್ತರ ಬರಲಿಲ್ಲ. ನಾನು ಮರೆತೆ.

ಉತ್ತರ ಬಂದದ್ದು ಹಬ್ಬ ಕಳೆದು ಎರಡು ವಾರಕ್ಕೆ. ಕಾಗದ ಇಂಗ್ಲಿಷಿನಲ್ಲಿತ್ತು. ಯಜಮಾನರು ಸೈಕಲ್ಲನ್ನು ಗೋಡೆಗೆ ಒರಗಿಸುವ ಮೊದಲೇ ಓದಿ ಹೇಳತೊಡಗಿದರು; ನಾನು ರಾಗಿ ಕೇರುತ್ತಿದ್ದೆ.

"ಇಂಥ ಹಗ್ಗ ಅವರ ಹತ್ರ ಎರಡವೆಯಂತೆ. ಎರಡರಲ್ಲೂ ಗುರುತು ಹಾಳಾಗಿ ಬರೀ ಹಗ್ಗ ಉಳಿದೈತಂತೆ. ತೊಗಲು, ಬಟ್ಟೆ ಚೂರಿನ ಗುರುತುಗಳು ನಾವಿಕನೇ ಕಟ್ಟಿದ ಹಾಗೇ ಇದ್ರೆ ಬಾಳ ಅಪರೂಪ ಅಂತ ಬರ್ದವ್ರೆ. ಅವರ ಆಫೀಸರು ಬೆಂಗಳೂರಿಗೆ ಬರ್ತಾರಂತೆ, ಬರೋ ಶುಕ್ರವಾರ ನಮ್ಮೂರಿಗೇ ಬಂದು ನೋಡ್ತಾರಂತೆ ಕಣೇ!"

ಮೊರ ನನ್ನ ಕೈಯಿಂದ ಜಾರಿತು. ರಾಗಿ ಚೆಲ್ಲಿತು.

"ಅಪ್ಪ ಗುರುವಾರ ಬಂದ್ಬಿಡ್ತಾರೆ. ಇನ್ಮೇಲೆ ಊರೋರ ಬಾಯಿಗೆ ಬೀಗ" ಎಂದರು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದೆ. "ರಾಗಿ ಚೆಲ್ಲೋಯ್ತು" ಎಂದಷ್ಟೇ ಹೇಳಿದೆ.

ಮರುದಿನ ಅವರ ಸೈಕಲ್ ತಿರುವು ದಾಟಿದ್ದೇ ಗುದ್ದಲಿ ಹಿಡಿದು ತಿಪ್ಪೆಗೆ ಓಡಿದೆ. ತಿಪ್ಪೆಯ ಅರ್ಧ ಗೊಬ್ಬರ ಆಗಲೇ ಗಾಡಿಯಲ್ಲಿ ಹೊಲಕ್ಕೆ ಹೋಗಿತ್ತು. ಮೊಣಕಾಲವರೆಗೆ ಇಳಿದು ಕೆದಕಿದೆ. ತೊಗಲನ್ನು ಮುಟ್ಟಬಾರದೆಂದು ಎಲೆಯಲ್ಲಿ ಬಾಚಿದವಳು ಈಗ ಸಗಣಿಯೊಳಗೆ ಎರಡೂ ಕೈ ಹಾಕಿ ಅದೇ ತೊಗಲನ್ನು ಹುಡುಕುತ್ತಿದ್ದೆ. ಮಧ್ಯಾಹ್ನದವರೆಗೆ ಸಿಕ್ಕಿದ್ದು ಎರಡೇ: ತೂತಿದ್ದ ತೊಗಲು, ಕೆಂಪು ಬಟ್ಟೆಯ ಒಂದು ಚೂರು. ಅಲ್ಲೇ ಕುಳಿತು ಅತ್ತುಬಿಟ್ಟೆ. ಅಳುವಾಗಲೇ ಮಾವನ ಎಣಿಕೆ ತಲೆಗೆ ಹೊಳೆಯಿತು. ಎರಡು, ಮೂರು, ಐದು, ಏಳು... ಬೆರಳು ಮಡಿಸಿ ನೋಡಿದೆ, ಒಂಬತ್ತು ಸಂಖ್ಯೆ. ನಾನು ಕಿತ್ತದ್ದೂ ಒಂಬತ್ತು ಗುರುತು. ಎರಡು ಸೀಳಿನದು ಎರಡು ಮಾರಿಗೆ, ಮೂರು ಸೀಳಿನದು ಮೂರಕ್ಕೆ, ಬಿಳಿ ಬಟ್ಟೆ ಐದಕ್ಕೆ! ಮುದುಕರು ಏನನ್ನೂ ಮರೆತಿರಲಿಲ್ಲ.

ಗುರುತುಗಳ ಸರದಿ ನನಗೆ ಚೆನ್ನಾಗಿ ನೆನಪಿತ್ತು. ನನ್ನ ತವರು ಚನ್ನರಾಯಪಟ್ಟಣದ ಕಡೆ. ಅಮ್ಮ ಹೂ ಕಟ್ಟಿ ಮಾರುತ್ತಿದ್ದಳು. ನಾನು ನಡೆಯಲು ಕಲಿತದ್ದೂ ಹೂ ಕಟ್ಟಲು ಕಲಿತದ್ದೂ ಒಟ್ಟಿಗೇ ಇರಬೇಕು. ಮಲ್ಲಿಗೆ ಆದಮೇಲೆ ಮರುಗ, ಮರುಗ ಆದಮೇಲೆ ಕನಕಾಂಬರ ಎಂದು ಒಮ್ಮೆ ಕಣ್ಣಾಡಿಸಿದ ಮಾಲೆಯನ್ನು ತಿರುಗಿ ಹಾಗೇ ಕಟ್ಟಬಲ್ಲೆ. ಇನ್ನು ಮಾರು ಅಳೆಯುವುದನ್ನು ಹೂವಿನವರ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ಕೈ ಚಾಚಿದರೆ ಒಂದು ಮಾರು, ಮುಗಿಯಿತು.

ದನದ ಕೊಟ್ಟಿಗೆಯಲ್ಲಿ ಮಾವನ ಹಳೆಯ ಚಪ್ಪಲಿ ಬಿದ್ದಿತ್ತು. ಅದರ ಬಾರು ಸೀಳಿದೆ. ಯಜಮಾನರ ಪಂಚೆಯ ಅಂಚು ಹರಿದೆ, ನೀಲಿಗೆ ಹಳೆಯ ಮಫ್ಲರ್, ಇನ್ನೊಂದು ಕೆಂಪಿಗೆ ನನ್ನದೇ ರವಿಕೆಯ ತೋಳು. ಹಿತ್ತಿಲಲ್ಲಿ ನಿಂತು ಮಾರು ಹಾಕಿ ಹಾಕಿ ಒಂಬತ್ತನ್ನೂ ಸಿಕ್ಕಿಸಿದೆ. ಒಲೆಯ ಮಸಿ, ಹರಳೆಣ್ಣೆ ಬಳಿದು ಹಳೆಯದರಂತೆ ಮಾಡಿದೆ. ಯಾರಾದರೂ ಸೊಲ್ಲೆತ್ತಲಿ ನೋಡೋಣ ಎನ್ನಿಸಿತು.

ಗುರುವಾರ ಮಧ್ಯಾಹ್ನ ಮಾವ ಬಸ್ಸಿಳಿದು ಮಗನ ಭುಜ ಹಿಡಿದು ಬಂದರು. ಆಪರೇಷನ್ ಕೈಕೊಟ್ಟಿತ್ತು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಅದರ ದುಃಖ ಅವರ ಮುಖದಲ್ಲಿರಲಿಲ್ಲ. ಕಾಲು ತೊಳೆಯುತ್ತಲೇ ಕೇಳಿದರು.

"ಎಲ್ಲವ್ವಾ ಹಗ್ಗ? ತತ್ತಾ, ಒಂದ್ಸಲ ಮುಟ್ಟಿ ನೋಡ್ತೀನಿ."

"ನಾಳೆ ಅವರು ಬಂದ್ಮೇಲೇ ಬಿಚ್ಚೋಣ ಮಾವಾ. ಪೆಟ್ಟಿಗೆ ಮುಂದೆ ದೀಪ ಹಚ್ಚಿಟ್ಟಿದ್ದೀನಿ."

ಹಚ್ಚಿರಲಿಲ್ಲ. ಹೋಗಿ ಹಚ್ಚಿದೆ. ಮಾವ ನಕ್ಕು, "ಆಗ್ಲಿ, ನಿಂಗೈತಲ್ಲ ನನ್ ಹಗ್ಗದ ಮ್ಯಾಲೆ ಗ್ಯಾನ" ಎಂದರು. ಆ ಮಾತಿಗಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು.

ಶುಕ್ರವಾರ ಹತ್ತು ಗಂಟೆಗೆ ಆಫೀಸರು ಬಂದರು. ತೆಳ್ಳಗಿನ, ಕನ್ನಡಕದ, ಕರಾವಳಿಯ ಮನುಷ್ಯ. ಕೈಚೀಲದಲ್ಲಿ ಅಳತೆಪಟ್ಟಿ, ದಪ್ಪ ನೋಟ್‌ಬುಕ್ಕು. ಸುದ್ದಿ ತಿಳಿದು ಗೌಡರೂ ಇನ್ನೂ ನಾಲ್ಕಾರು ಜನರೂ ಬಂದು ಜಗಲಿ ತುಂಬಿದರು. ಆಫೀಸರು ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಊರವರು ಮುಖ ಮುಖ ನೋಡಿಕೊಂಡರು.

"ಅಜ್ಜಾ, ನೀವೇ ಬಿಚ್ಚಿ. ನೀವು ಹೇಗೆ ಹಿಡೀತಿದ್ರಿ, ಹೇಗೆ ಕೂಗ್ತಿದ್ರಿ, ಎಲ್ಲ ನನಗೆ ಬರ್ಕೊಳ್ಬೇಕು."

ಮಾವ ಅಂಗಳದ ನಡುವೆ ನಿಂತರು. ಆರಡಿಯ ಆಳು, ಬಗ್ಗಿದ ಬೆನ್ನು ಆ ದಿನ ನೆಟ್ಟಗಾಗಿತ್ತು. ಗುಂಡನ್ನು ಎಡಗೈಯಲ್ಲಿ ಹಿಡಿದು ಹಗ್ಗವನ್ನು ಬಲಗೈಯಲ್ಲಿ ಎಳೆದು ಎರಡೂ ಕೈ ಚಾಚಿದರು. ಒಂದು ಮಾರು. ಇನ್ನೊಂದು ಮಾರಿಗೆ ಕೈ ಪೂರ್ತಿ ಚಾಚುವ ಮೊದಲೇ ಬೆರಳಿಗೆ ತೊಗಲು ಸಿಕ್ಕಿತು. ನಿಂತುಬಿಟ್ಟರು.

ನನಗೆ ಆ ಕ್ಷಣದಲ್ಲೇ ತಿಳಿಯಿತು. ಅಮ್ಮನ ಕೈ ಗಿಡ್ಡ, ನನ್ನದೂ ಅಷ್ಟೇ. ಸಂತೆಯಲ್ಲಿ ಗಿರಾಕಿಗಳು "ನಿನ್ ಮಾರು ಬ್ಯಾಡ ಕಣಮ್ಮಾ, ಆ ಉದ್ದ ಕೈಯೋಳ ಹತ್ರ ತಗತೀವಿ" ಎಂದು ಅವಳನ್ನು ರೇಗಿಸುತ್ತಿದ್ದರು. ಅದನ್ನು ಕೇಳಿಕೊಂಡೇ ಬೆಳೆದವಳು ನಾನು, ಹಗ್ಗ ಅಳೆಯುವಾಗ ಒಮ್ಮೆಯೂ ನೆನಪಾಗಲಿಲ್ಲ.

ಮಾವ ಮತ್ತೆ ಗುಂಡಿನಿಂದ ಶುರು ಮಾಡಿದರು. ಅದೇ ಆಯಿತು. ಮೂರು ಸೀಳಿನದು ಇನ್ನೂ ಮೊದಲೇ ಬಂತು. ತೊಗಲನ್ನು ತುಟಿಗೆ ತಾಗಿಸಿದರು. ಚಳಿಗೆ ಬೆರಳು ಮರಗಟ್ಟಿದಾಗ ನಾವಿಕರು ಹಾಗೆ ಗುರುತು ಹಿಡಿಯುತ್ತಿದ್ದರಂತೆ. ಆಫೀಸರು ಮೆಲ್ಲಗೆ ಅಳತೆಪಟ್ಟಿ ಹಿಡಿದು ನೋಡಿ, "ಎರಡು ಮಾರಿಗೆ ಹನ್ನೆರಡು ಅಡಿ ಬರಬೇಕಿತ್ತು. ಹತ್ತೇ ಇದೆಯಲ್ಲ" ಎಂದರು.

ಗೌಡರು ಗಂಟಲು ಸರಿಮಾಡಿಕೊಂಡರು. ಜಗಲಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು.

ಮಾವ ಮೂರನೇ ಸಲ ಕೈ ಚಾಚಿದರು. "ಸ್ವಾಮೀ, ಹಗ್ಗ ಸರಿಯಾಗೇ ಇರಬೇಕು. ನಂಗೇ ಮರ್ತೋಗಿರಬೇಕು. ಕಣ್ಣು ಹೋಯ್ತು, ಅದರ ಹಿಂದೆ ಕೈಯೂ ಹೋಯ್ತೇನೋ" ಎಂದರು. ಆ ಧ್ವನಿ ಅವರದಾಗಿರಲಿಲ್ಲ. ತಾನು ನಿಜವಾಗಿ ಹಡಗಿನಲ್ಲಿದ್ದೆನೋ ಇಲ್ಲವೋ ಎಂದು ಅವರಿಗೇ ಅನುಮಾನ ಬಂದಂತೆ ಕೇಳಿಸಿತು.

"ನಿಮ್ ಕೈ ಸರಿಯಾಗೈತೆ ಮಾವಾ!" ಎಂದು ಕಿರುಚಿದೆ. ಬಾಗಿಲ ಹಿಂದಿದ್ದವಳು ಅಂಗಳದ ನಡುವೆ ಬಂದುಬಿಟ್ಟಿದ್ದೆ. "ತಪ್ಪಿರೋದು ಹಗ್ಗ. ನಾನು ಗುರುತೆಲ್ಲ ಕಿತ್ತಾಕಿ ಬಾವಿಗೆ ಬಿಟ್ಟಿದ್ದೆ. ಈಗಿರೋದು ನಾನು ಕಟ್ಟಿದ್ದು, ನನ್ ಮಾರಲ್ಲಿ." ತೊಗಲು, ತಿಪ್ಪೆ, ಚಪ್ಪಲಿಯ ಬಾರು, ರವಿಕೆಯ ತೋಳು, ಎಲ್ಲವನ್ನೂ ಉಸಿರು ಬಿಡದೆ ಒದರಿದೆ. ಯಜಮಾನರು ತಲೆಯ ಮೇಲೆ ಕೈಹೊತ್ತು ಕುಸಿದು ಕುಳಿತರು.

ಮಾವ ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕೆ ಬಿಟ್ಟರು. ಆಮೇಲೆ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು.

"ಬಾವಿಗೆ ಬಿಟ್ಟಿದ್ದೆ ಅಂದೆಯಲ್ಲ. ಎಷ್ಟು ಮಾರು ಇಳೀತು?"

"ನೋಡ್ಲಿಲ್ಲ ಮಾವಾ."

"ಗುರುತು ಇದ್ದಿದ್ರೆ ಗೊತ್ತಾಗ್ತಿತ್ತು" ಎಂದರು.

ಆಫೀಸರು ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮಾ, ನೀವು ಹೇಳದೆ ನಾನು ಇದನ್ನು ತಗೊಂಡು ಹೋಗಿದ್ರೆ ಅಲ್ಲಿ ಸುಳ್ಳನ್ನು ಗಾಜಿನೊಳಗೆ ಇಟ್ಟ ಹಾಗಾಗ್ತಿತ್ತು" ಎಂದರು. ಹಗ್ಗ ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ನೆಲದ ಮೇಲೆ ಕುಳಿತು ತಿಪ್ಪೆಯಲ್ಲಿ ಸಿಕ್ಕ ಎರಡು ಚೂರುಗಳನ್ನು ತೋರಿಸಲು ಹೇಳಿದರು, ತಿರುಗಿಸಿ ಮುರುಗಿಸಿ ನೋಡಿದರು. "ಇವೆರಡು ಹಳೆಯವು. ಮಿಕ್ಕದ್ದು ಹೊಸದು ಅಂತಲೇ ಬರೀತೇನೆ. ಆದರೆ ಕಟ್ಟುವವರು ಇನ್ನೂ ಇದ್ದಾರಲ್ಲ. ನಮ್ಮಲ್ಲಿರುವ ಎರಡು ಹಗ್ಗಕ್ಕೆ ಆ ಭಾಗ್ಯ ಇಲ್ಲ. ಅಜ್ಜಾ, ನೀವು ಅಳೀತೀರಾ? ಇವರೇ ಕಟ್ಲಿ."

ಮಾವ ತಲೆಯಾಡಿಸಿದರು. ನನ್ನನ್ನು ಕ್ಷಮಿಸಿದರೆಂದಲ್ಲ. ಮುಖ ಗಂಟಿಕ್ಕಿಯೇ ಇತ್ತು. ಅವರು ಕೈ ಚಾಚುವುದು, ಬೆರಳ ತುದಿಯಲ್ಲಿ ನಾನು ಗುರುತು ಸಿಕ್ಕಿಸುವುದು, ಅವರು ಅದನ್ನು ತುಟಿಗೆ ತಾಗಿಸಿ "ಹೂಂ" ಅನ್ನುವುದು, ಆಫೀಸರು ಬರೆದುಕೊಳ್ಳುವುದು. ಎರಡು ಕಡೆ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಒಂಬತ್ತು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಜಗಲಿಯಿಂದ ಒಬ್ಬರೂ ಎದ್ದು ಹೋಗಿರಲಿಲ್ಲ.

"ಬಾವಿ ತಾವ ಕರ್ಕಂಡೋಗು" ಎಂದರು ಮಾವ. ಗುಂಡಿನ ತಳದಲ್ಲಿ ಬಟ್ಟಲಿನಂಥ ಕುಳಿಯಿತ್ತು. ಅದಕ್ಕೆ ಬಟ್ಟೆಸೋಪು ಮೆತ್ತಿಸಿದರು. ಹಡಗಿನಲ್ಲಿ ಕೊಬ್ಬು ಮೆತ್ತುತ್ತಿದ್ದರಂತೆ. ತಳದ ಮಣ್ಣು ಅದಕ್ಕೆ ಅಂಟಿಕೊಂಡು ಬಂದರೆ, ಅದನ್ನು ಮುಟ್ಟಿ ನೋಡಿಯೇ ಹಡಗು ಯಾವ ದಡದ ಹತ್ತಿರವಿದೆ ಎಂದು ಹೇಳುತ್ತಿದ್ದರಂತೆ. ಚಪ್ಪಲಿಯ ಬಾರಿನ ಸಮೇತ ಹಗ್ಗ ನಮ್ಮ ಕುಡಿಯುವ ನೀರಿನ ಬಾವಿಗೆ ಇಳಿಯಿತು. ಗೌಡರೂ ಸೇರಿ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ.

ಹಗ್ಗ ಸಡಿಲಾಯಿತು. ಮಾವ ಬಾವಿಕಟ್ಟೆಯ ಅಂಚಿನಲ್ಲಿ ಹಗ್ಗದ ಮೇಲೆ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ, ಮೂವತ್ತು ವರ್ಷ ಊರಲ್ಲಿ ಯಾರೂ ಕೇಳಿರದ ದೊಡ್ಡ ಗಂಟಲಲ್ಲಿ, ದೂರದಲ್ಲಿ ನಿಂತ ಯಾರಿಗೋ ಕೂಗಿ ಹೇಳುವಂತೆ ಕೂಗಿದರು. "ಕೆಂಪು ದಾಟೈತೆ! ಎಂಟು ಮಾರೂ!"

ಆಫೀಸರು ಹಗ್ಗ ಎಳೆಸಿ ಪಟ್ಟಿ ಹಿಡಿದರು. ನಲವತ್ತೆಂಟು ಅಡಿಗೆ ಮೂರೇ ಅಂಗುಲ ಕಮ್ಮಿ.

ಮಾವ ಗುಂಡಿನ ತಳ ಸವರಿದರು. "ಕರೀ ಕೆಸರು. ಬಳೆ ಚೂರು." ಗಂಗೆ ಪೂಜೆಯಲ್ಲಿ ನಾವು ಬಿಟ್ಟ ಹಸಿರು ಬಳೆಯ ತುಂಡು ಸೋಪಿಗೆ ಅಂಟಿತ್ತು. "ಇದು ನಮ್ಮೂರೇ ಕಣಪ್ಪಾ, ಅನುಮಾನ ಇಲ್ಲ" ಎಂದರು. ಗೌಡರು ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. ಆ ದಿನದ ನಂತರ ಅವರು ಕೆರೆಯ ಮಾತೆತ್ತಲಿಲ್ಲ.

ಮಾವ ನನ್ನ ಜೊತೆ ಎರಡು ವಾರ ಮಾತು ಬಿಟ್ಟರು. ಮೂರನೇ ವಾರ ಊಟಕ್ಕೆ ಕುಳಿತಾಗ, "ನಿಂಗೆ ಆ ಎಣಿಕೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದರು. ಹೇಳಿದೆ. "ಕಳ್ಳಿ" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಎಪ್ಪತ್ತೆರಡನೇ ಇಸವಿಯ ಸುಮಾರಿಗೆ ತೀರಿಕೊಂಡರು.

ಅವರು ಹೋಗಿ ಮೂರ್ನಾಲ್ಕು ವರ್ಷಕ್ಕೆ ನಾವಿಬ್ಬರೂ ಆ ಬಂದರಿನ ಊರಿಗೆ ಹೋದೆವು. ಹಳೆಯ ಹೆಂಚಿನ ಉಗ್ರಾಣವೇ ಮ್ಯೂಸಿಯಂ. ನಾನು ದೊಡ್ಡ ದೊಡ್ಡ ಲಂಗರು, ಕಪ್ತಾನರ ಪಟ ಇರುತ್ತವೆ ಎಂದುಕೊಂಡಿದ್ದೆ. ಇದ್ದವು. ಆದರೆ ಅವುಗಳ ಪಕ್ಕದಲ್ಲೇ ಹಡಗಿನ ಅಡುಗೆಯವನ ಸೌಟು, ಹಾಯಿಗೆ ತೇಪೆ ಹಾಕುವವನ ಸೂಜಿ, ಕಲ್ಲಿದ್ದಲು ಹಾಕುವವನ ಸವೆದ ಸಲಿಕೆ ಕೂಡ ಅಷ್ಟೇ ಮರ್ಯಾದೆಯಲ್ಲಿ ಕುಳಿತಿದ್ದವು. ಅವರವರ ಊರುಗಳಲ್ಲಿ ಇವರನ್ನೂ ಯಾರೂ ನಂಬಿರಲಿಕ್ಕಿಲ್ಲ. ನಂಬಿದ್ದು ಈ ಉಗ್ರಾಣ. ನನಗೆ ಆ ಗೋಡೆಗಳಿಗೆ ಕೈಮುಗಿಯಬೇಕೆನ್ನಿಸಿತು, ಮುಗಿದೆ. ಯಜಮಾನರಿಗೆ ನಾಚಿಕೆಯಾಯಿತು.

ಹಗ್ಗವನ್ನು ಸುರುಳಿ ಸುತ್ತದೆ ಗೋಡೆಯುದ್ದಕ್ಕೂ ಗಾಜಿನ ಹಿಂದೆ ಹಾಸಿದ್ದರು. ಕೆಳಗೆ ಕನ್ನಡದಲ್ಲೂ ಬರೆದಿದ್ದರು: ಏಳು ಮತ್ತು ಹತ್ತು ಮಾರಿನ ಗುರುತು ಮೂಲದವು, ಉಳಿದವು ನಾವಿಕನ ಕೈ ಅಳತೆಯಲ್ಲಿ ಸೊಸೆ ಮರಳಿ ಕಟ್ಟಿದವು. ಬಾವಿಯ ಸಂಗತಿ ಬರೆದಿರಲಿಲ್ಲ. ನನ್ನ ರವಿಕೆಯ ತೋಳು ಹದಿನೇಳನೇ ಮಾರಿನಲ್ಲಿ ಇನ್ನೂ ಕೆಂಪಗಿತ್ತು.

ಕಾವಲಿನವನು ಆ ಕಡೆ ತಿರುಗಿದಾಗ ನಾನು ಗಾಜಿಗೆ ಎದೆ ಒತ್ತಿ ನಿಂತು, ಎರಡು ಮಾರಿನ ಗುರುತಿನಿಂದ ಮೂರು ಮಾರಿನ ಗುರುತಿಗೆ ಎರಡೂ ಕೈ ಚಾಚಿದೆ. ಅದು ಒಂದೇ ಮಾರು, ಮಾವನ ಒಂದು ಮಾರು. ಎಷ್ಟು ಎಳೆದು ಚಾಚಿದರೂ ನನ್ನ ಬೆರಳು ಆ ತುದಿ ಮುಟ್ಟಲಿಲ್ಲ.